ಹಳೆಯ ತೊಗಲಿಗೆ ಎರಡನೆಯ ಬದುಕು

ಬಳಸಿದ ಚರ್ಮವನ್ನು ಬಿಚ್ಚಿ, ಕತ್ತರಿಸಿ, ಮತ್ತೊಂದು ವಸ್ತುವಾಗಿ ಹೊಲಿಯುವ ಕೆಲಸ ಚರ್ಮದ ಕಸುಬಿನಷ್ಟೇ ಹಳೆಯದು. ತೀರಿಹೋದ ಅಜ್ಜನ ಚರ್ಮದ ಕೋಟು ಮೊಮ್ಮಗಳ ಕೈಚೀಲವಾಗುವುದು, ತಂದೆಯ ಬೂಟಿನ ತೊಗಲು ಮಗನ ಪರ್ಸಾಗುವುದು ಇಂದು ವಿನ್ಯಾಸಕಾರರ ಕೈಯಲ್ಲಿ ನೆನಪಿನ ಕಲೆ ಎನಿಸಿಕೊಂಡಿದೆ. ಈ ಕಲೆಯ ಹಿಂದಿರುವ ಚರಿತ್ರೆ ಮಾತ್ರ ಬಡತನದ್ದು, ಕಸುಬುದಾರರ ಕಟ್ಟುಪಾಡುಗಳದ್ದು, ಮೂಢನಂಬಿಕೆಯದ್ದು, ಒಂದು ಹಂತದಲ್ಲಿ ಘೋರ ಕ್ರೌರ್ಯದ್ದು ಕೂಡ.

ಚರ್ಮ ನೆನಪನ್ನು ಹಿಡಿದಿಡುವುದಕ್ಕೆ ಅದರ ರಚನೆಯೇ ಕಾರಣ. ಪ್ರಾಣಿಯ ತೊಗಲಿನ ಮುಖ್ಯ ಭಾಗ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಬಟ್ಟೆಯಲ್ಲಿ ಹಾಸು ಹೊಕ್ಕುಗಳಿಗೆ ಒಂದು ಕ್ರಮವಿದೆ. ತೊಗಲಿನಲ್ಲಿ ಎಳೆಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಹಸಿ ತೊಗಲು ಕೊಳೆಯುತ್ತದೆ. ಮರದ ತೊಗಟೆಯ ಟ್ಯಾನಿನ್ನೋ ಕ್ರೋಮಿಯಂ ಲವಣವೋ ಆ ಎಳೆಗಳನ್ನು ಹಿಡಿದು ಕಟ್ಟಿದಾಗ ಅದು ಕೊಳೆಯದ ಚರ್ಮವಾಗುತ್ತದೆ. ಅಥಣಿ, ನಿಪ್ಪಾಣಿ ಕಡೆಯ ಕಸುಬಿನವರು ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡುತ್ತಾ ಬಂದದ್ದು ಇದೇ ತತ್ವದ ಮೇಲೆ. ಹದವಾದ ಚರ್ಮ ಬೆವರು, ಬಿಸಿ, ಒತ್ತಡಗಳಿಗೆ ಸಿಕ್ಕಾಗ ಒಳಗಿನ ಎಳೆಗಳು ಸ್ವಲ್ಪಸ್ವಲ್ಪವೇ ಸರಿದು ಹೊಸ ಜಾಗದಲ್ಲಿ ನಿಲ್ಲುತ್ತವೆ, ಹಳೆಯ ಜಾಗಕ್ಕೆ ಪೂರ್ತಿ ಮರಳುವುದಿಲ್ಲ. ಹಳೆಯ ಜೋಡಿನ ಒಳಗೆ ಹೆಬ್ಬೆರಳಿನ ಗುಳಿ, ಕೋಟಿನ ಮೊಣಕೈಯಲ್ಲಿ ಸುಕ್ಕು, ಬೆಲ್ಟಿನಲ್ಲಿ ಸೊಂಟದ ಬಳುಕು ಉಳಿಯುವುದು ಹೀಗೆ. ಇನ್ನೊಂದು ಗುಣವೂ ಇದೆ. ಬಟ್ಟೆಯ ಹೊಲಿಗೆ ಬಿಚ್ಚಿ ಇಸ್ತ್ರಿ ಮಾಡಿದರೆ ಸೂಜಿಯ ತೂತು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಚರ್ಮದಲ್ಲಿ ಒಮ್ಮೆ ಬಿದ್ದ ತೂತು ಶಾಶ್ವತ. ಹಳೆಯ ಚರ್ಮದಲ್ಲಿ ಕೆಲಸ ಮಾಡುವವರೆಲ್ಲ, ಯಾವ ಕಾಲದವರಾದರೂ, ಈ ಎರಡು ಗುಣಗಳೊಂದಿಗೇ ಏಗಬೇಕಾಯಿತು.

ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಿಂದಿನ 'ಏಟ್ಸಿ' ಎಂಬ ಮನುಷ್ಯನ ಉಡುಪು ಈ ಕಥೆಯ ಮೊದಲ ಸಾಕ್ಷಿಗಳಲ್ಲಿ ಒಂದು. ಅವನ ತೊಗಲಿನ ಮೇಲಂಗಿ ಒಂದೇ ಪ್ರಾಣಿಯದ್ದಲ್ಲ. 2016ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯಲ್ಲಿ ಅದು ಕನಿಷ್ಠ ನಾಲ್ಕು ಪ್ರಾಣಿಗಳ, ಆಡು ಮತ್ತು ಕುರಿ ಎರಡೂ ಜಾತಿಯ ತೊಗಲಿನಿಂದ ಕೂಡಿಸಿದ್ದು ಎಂದು ತಿಳಿಯಿತು. ಮೂಲ ಹೊಲಿಗೆ ಪ್ರಾಣಿಯ ನರದ ದಾರದ್ದು, ಅಚ್ಚುಕಟ್ಟಾದದ್ದು. ಕಿತ್ತಲ್ಲಿ ಹಾಕಿದ ಹೊಲಿಗೆ ಹುಲ್ಲಿನ ದಾರದ್ದು, ಅವಸರದ್ದು. ಒಂದೇ ಉಡುಪಿನಲ್ಲಿ ಹೊಲಿದವರ ಕೈಯೂ ತೇಪೆ ಹಾಕಿದವರ ಕೈಯೂ ಬೇರೆಬೇರೆಯಾಗಿ ಕಾಣುತ್ತವೆ.

ಇಂಗ್ಲೆಂಡಿನ ಉತ್ತರದಲ್ಲಿ, ಹೇಡ್ರಿಯನ್ ಗೋಡೆಯ ಪಕ್ಕದ ವಿಂಡೊಲಾಂಡಾ ಎಂಬ ರೋಮನ್ ಕೋಟೆಯ ಸಾಕ್ಷ್ಯ ಇನ್ನೂ ದೊಡ್ಡದು. ಅಲ್ಲಿನ ನೆಲ ತೇವದ್ದು, ಗಾಳಿಯಾಡದ್ದು. ಆಮ್ಲಜನಕ ಇಲ್ಲದ ಕಡೆ ಚರ್ಮ ತಿನ್ನುವ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲವಾದ್ದರಿಂದ ಸಾವಿರಾರು ಪಾದರಕ್ಷೆಗಳೂ ಚೂರುಗಳೂ ಉಳಿದುಕೊಂಡಿವೆ. ರೋಮನ್ ಸೈನಿಕರ ಡೇರೆಗಳು ಆಡಿನ ತೊಗಲಿನವು. ಸವೆದ ಡೇರೆಯನ್ನು ಅವರು ಎಸೆಯುತ್ತಿರಲಿಲ್ಲ, ಕತ್ತರಿಸಿ ಬೇರೆ ಕೆಲಸಕ್ಕೆ ಬಳಸುತ್ತಿದ್ದರು. ಹಿಂದಿನ ಉತ್ಖನನದಲ್ಲಿ ಸಿಕ್ಕು ಚೀಲದಲ್ಲಿ ಕಟ್ಟಿಟ್ಟಿದ್ದ ಚೂರುಗಳನ್ನು 2020ರಲ್ಲಿ ಮತ್ತೆ ನೋಡುವಾಗ, ಅದರಲ್ಲಿ ಇಲಿಯ ಆಕಾರಕ್ಕೆ ಕತ್ತರಿಸಿದ ಒಂದು ತುಂಡು ಕಾಣಿಸಿತು: ಬಾಲವಿದೆ, ಕಣ್ಣಿಗೆ ಗೀರಿದ ಗುರುತಿದೆ. ಯಾವುದೋ ಮಗುವಿನ ಆಟಿಕೆಯೋ ದೊಡ್ಡವರ ಕುಚೋದ್ಯವೋ, ಅಂತೂ ಉಳಿದ ಚೂರಿನಿಂದ ಮಾಡಿದ್ದು. ಅಲ್ಲೇ 2017ರಲ್ಲಿ ಸಿಕ್ಕ ಎರಡು ಮುಷ್ಟಿಯುದ್ಧದ ಕೈಕವಚಗಳಲ್ಲಿ ದೊಡ್ಡದರ ಹೊರಮೈ ಹರಿದಾಗ ಅದರ ಒಡೆಯ ಗುಂಡಗಿನ ತೇಪೆ ಹಾಕಿ ಮತ್ತೆ ಬಳಸಿದ್ದಾನೆ. ಒಳಗೆ ಅವನ ಬೆರಳ ಗೆಣ್ಣುಗಳ ಅಚ್ಚು ಇನ್ನೂ ಇದೆ. ಹತ್ತೊಂಬತ್ತು ಶತಮಾನದ ಹಿಂದಿನ ಆ ಮನುಷ್ಯನ ಹೆಸರು ಗೊತ್ತಿಲ್ಲ, ಮುಷ್ಟಿಯ ಅಳತೆ ಗೊತ್ತು.

ಮಧ್ಯಯುಗದ ಯುರೋಪಿನಲ್ಲಿ ಹಳೆಯ ಚರ್ಮ ಒಂದು ಪ್ರತ್ಯೇಕ ಕಸುಬಾಯಿತು. ಪ್ಯಾರಿಸ್ಸಿನಲ್ಲಿ 13ನೇ ಶತಮಾನದಲ್ಲಿ ಎಟಿಯೆನ್ ಬ್ವಾಲೋ ಸಂಗ್ರಹಿಸಿದ ಕಸುಬುಗಳ ಕಟ್ಟಳೆ ಪುಸ್ತಕದಲ್ಲಿ ಹೊಸ ಜೋಡು ಮಾಡುವವರೂ ಹಳೆಯದನ್ನು ಸರಿಪಡಿಸುವವರೂ ಬೇರೆಬೇರೆ ವರ್ಗ. ಲಂಡನ್ನಿನಲ್ಲಿ ಹೊಸ ಚರ್ಮದವರು 'ಕಾರ್ಡ್‌ವೇನರ್'ಗಳು. ಸ್ಪೇನಿನ ಕಾರ್ಡೊಬಾದಿಂದ ಬರುತ್ತಿದ್ದ ನಯವಾದ ಚರ್ಮದಿಂದ ಬಂದ ಹೆಸರು ಅದು. ಹಳೆಯ ಚರ್ಮದವರು 'ಕಾಬ್ಲರ್'ಗಳು. ಇವರಿಬ್ಬರ ಜಗಳ 1395ರಲ್ಲಿ ನಗರದ ಮೇಯರನ ಮುಂದೆ ಹೋಯಿತು, 1409ರಲ್ಲಿ ಮತ್ತೊಮ್ಮೆ ಇತ್ಯರ್ಥವಾಯಿತು. ಹಳೆಯ ಜೋಡು ಮುಟ್ಟುವವನು ಹೊಸ ಜೋಡು ಮಾರಕೂಡದು ಎಂಬುದು ಕಟ್ಟಳೆಯ ತಿರುಳು. ಮೇಲ್ನೋಟಕ್ಕೆ ಇದು ಹೊಟ್ಟೆಪಾಡಿನ ಹಂಚಿಕೆ. ಒಳಗಿದ್ದದ್ದು ಮೋಸದ ಭಯ: ಹಳೆಯ ತೊಗಲಿಗೆ ಬಣ್ಣ ಬಳಿದು ಹೊಸದೆಂದು ಮಾರಿದರೆ ಕೊಂಡವನಿಗೆ ಗೊತ್ತಾಗುವುದು ಮಳೆ ಬಂದಾಗಲೇ. ಹೀಗಾಗಿ ಹಳೆಯ ಚರ್ಮದ ಮೇಲೆ ಶುರುವಿನಿಂದಲೇ ಅನುಮಾನದ ಕಣ್ಣಿತ್ತು. ಬಳಕೆಯ ಗುರುತು ಎಂದರೆ ಬೆಲೆ ಕಳೆಯುವ ಕಲೆ ಎಂಬ ಲೆಕ್ಕ ಮುಂದಿನ ನಾಲ್ಕೂವರೆ ಶತಮಾನ ಬದಲಾಗಲಿಲ್ಲ.

ಆ ಲೆಕ್ಕ ಅತ್ಯಂತ ಸ್ಪಷ್ಟವಾಗಿ ಕಾಣುವುದು 19ನೇ ಶತಮಾನದ ಲಂಡನ್ನಿನಲ್ಲಿ. ನಗರದ ನಡುವಿನ ಸೆವೆನ್ ಡಯಲ್ಸ್ ಎಂಬ ಬಡ ವಸತಿಯ ಮನ್ಮತ್ ಬೀದಿ, ಮುಂದೆ ಡಡ್ಲಿ ಬೀದಿ ಎಂದು ಹೆಸರಾದದ್ದು, ಹಳೆಯ ಬಟ್ಟೆ ಮತ್ತು ಹಳೆಯ ಬೂಟುಗಳ ಪೇಟೆ. ಹಳೆಯ ಬೂಟಿನಿಂದ ಬೇರೆ ಜೋಡು ಮಾಡುವವರಿಗೆ ಅಲ್ಲಿ 'ಟ್ರಾನ್ಸ್‌ಲೇಟರ್' ಎಂದೇ ಹೆಸರು. ಅವರ ವಾಸವೂ ಕೆಲಸವೂ ಅಂಗಡಿಗಳ ಕೆಳಗಿನ ನೆಲಮಾಳಿಗೆಗಳಲ್ಲಿ. ಬೀದಿಗೆ ತೆರೆದ ಕಿಂಡಿಯೇ ಬಾಗಿಲು, ಬೆಳಕು ಬರುವುದೂ ಅದರಿಂದಲೇ. ಪತ್ರಕರ್ತ ಹೆನ್ರಿ ಮೇಹ್ಯೂ 1849ರಿಂದ ಲಂಡನ್ನಿನ ದುಡಿಯುವ ಬಡವರನ್ನು ಮಾತಾಡಿಸಿ ಬರೆದ ವರದಿಗಳಲ್ಲಿ ಇವರ ಕೆಲಸದ ವಿವರ ಇದೆ. ಚಿಂದಿ ಆಯುವವರಿಂದ, ಹಳೆ ಬಟ್ಟೆ ಕೊಳ್ಳುವವರಿಂದ ಬೂಟುಗಳು ಬರುತ್ತಿದ್ದವು. ಮೊದಲ ಕೆಲಸ ವಿಂಗಡಣೆ. ಅಟ್ಟೆ ಮಾತ್ರ ಹೋಗಿದ್ದರೆ ಬೇರೆ ಅಟ್ಟೆ. ಮುಂಭಾಗ ಸೀಳಿದ್ದರೆ ಉದ್ದನೆಯ ವೆಲಿಂಗ್ಟನ್ ಬೂಟಿನ ಕಾಲನ್ನು ಕತ್ತರಿಸಿ ಆ ಚರ್ಮದಿಂದ ಗಿಡ್ಡ ಜೋಡು, ಇನ್ನೂ ಉಳಿದರೆ ಮಕ್ಕಳ ಜೋಡು. ದೊಡ್ಡವರ ಬೂಟು ಹೀಗೆ ಇಳಿಯುತ್ತಾ ಇಳಿಯುತ್ತಾ ಮಗುವಿನ ಕಾಲಿಗೆ ಬರುತ್ತಿತ್ತು.

ಕೊನೆಯ ಹಂತದಲ್ಲಿ ಅವರ ನಿಜವಾದ ಕೈಚಳಕ. 'ಕ್ಲಾಬರ್' ಎಂಬ ಕಪ್ಪು ಲೇಪವನ್ನು ಬಿರುಕುಗಳಿಗೆ ಮೆತ್ತಿ, ಉಜ್ಜಿ, ಹೊಳಪು ಕೊಟ್ಟರೆ ಹಿಂದಿನ ಒಡೆಯನ ಕಾಲಿನ ಗುರುತೆಲ್ಲ ಮಾಯ. ಎರಡು ಮೂರು ದಿನದ ಕೊಳೆ ಬಿಟ್ಟರೆ ಹೆಚ್ಚು ಬಳಸದ ಬೂಟು ಎಂಬಂತೆ ಅದು ಕಾಣಬೇಕು. ಅದೇ ಅವರ ಕುಶಲತೆಯ ಅಳತೆಗೋಲು. ಇದನ್ನು ಮೋಸ ಎಂದು ತಳ್ಳಿಹಾಕುವುದು ಸುಲಭ. ಹೊಸ ಜೋಡು ಕೊಳ್ಳಲಾಗದ ಕೂಲಿಯವನಿಗೆ, ಬರಿಗಾಲಿನಲ್ಲಿ ಶಾಲೆಗೆ ಹೋಗಬೇಕಾದ ಮಗುವಿಗೆ ಆ ನೆಲಮಾಳಿಗೆ ಬಿಟ್ಟರೆ ಬೇರೆ ಗತಿಯಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮತ್ತೊಬ್ಬರ ಬಳಕೆಯ ಗುರುತು ಹೊತ್ತ ಜೋಡು ತೊಡುವುದೆಂದರೆ ತನ್ನ ಬಡತನವನ್ನು ಬೀದಿಯಲ್ಲಿ ಸಾರಿಕೊಳ್ಳುವುದು. ಗುರುತನ್ನು ಅಳಿಸಿಕೊಟ್ಟವನು ಕೊಳ್ಳುವವನ ಮಾನವನ್ನೂ ಉಳಿಸುತ್ತಿದ್ದ.

ಅದೇ ಬೀದಿಯಲ್ಲಿ ಅದೇ ಕಾಲಕ್ಕೆ ಇನ್ನೊಂದು ನೋಟವೂ ಹುಟ್ಟಿತು. 1836ರಲ್ಲಿ ಇಪ್ಪತ್ತನಾಲ್ಕರ ಹರೆಯದ ಚಾರ್ಲ್ಸ್ ಡಿಕನ್ಸ್ ಮನ್ಮತ್ ಬೀದಿಯ ಮೇಲೆ ಒಂದು ಪ್ರಬಂಧ ಬರೆದ. ಅಂಗಡಿಯಲ್ಲಿ ತೂಗುಹಾಕಿದ ಉಡುಪುಗಳನ್ನು ನೋಡುತ್ತಾ ಅವೆಲ್ಲ ಒಬ್ಬನೇ ಮನುಷ್ಯನ ಬಾಲ್ಯದಿಂದ ಪತನದವರೆಗಿನ ಉಡುಪುಗಳೆಂದು ಅಲ್ಲಿ ಕಲ್ಪಿಸುತ್ತಾನೆ. ಆಮೇಲೆ ಕಣ್ಣು ನೆಲಮಾಳಿಗೆಯ ಬೂಟುಗಳ ಮೇಲೆ ಬೀಳುತ್ತದೆ. ಪ್ರತಿ ಜೋಡಿಗೂ ಅದಕ್ಕೆ ತಕ್ಕ ಮನುಷ್ಯರನ್ನು ನಿಲ್ಲಿಸಿ ಅವರನ್ನು ಕುಣಿಸುತ್ತಾನೆ. ಕೊಳ್ಳಬೇಕಾದ ಅಗತ್ಯ ಇಲ್ಲದವನ ಕಣ್ಣಿಗೆ ಮಾತ್ರ ಹಳೆಯ ಬೂಟು ಹೀಗೆ ಕಥೆಯಾಗಿ ಕಂಡೀತು. ಮೂವತ್ತಾರು ವರ್ಷದ ಮೇಲೆ, 1872ರಲ್ಲಿ, ಫ್ರೆಂಚ್ ಚಿತ್ರಕಾರ ಗುಸ್ತಾವ್ ದೋರೆ 'ಲಂಡನ್: ಎ ಪಿಲ್‌ಗ್ರಿಮೇಜ್' ಪುಸ್ತಕಕ್ಕೆ ಡಡ್ಲಿ ಬೀದಿಯ ಚಿತ್ರ ಬರೆದ. ನೆಲಮಾಳಿಗೆಯ ಕಿಂಡಿಗಳ ಸುತ್ತ ಸಾಲುಸಾಲಾಗಿ ಇಟ್ಟ ಬೂಟುಗಳು, ಅವುಗಳ ನಡುವೆ ಮಕ್ಕಳು.

ಆ ಚಿತ್ರ ಅಚ್ಚಾಗುವ ಹೊತ್ತಿಗೇ ಕಸುಬು ಇಳಿಮುಖವಾಗಿತ್ತು. ಅಟ್ಟೆಯನ್ನು ಮೇಲುಭಾಗಕ್ಕೆ ಹೊಲಿಯುವ ಯಂತ್ರಕ್ಕೆ ಅಮೆರಿಕದ ಲೈಮನ್ ಬ್ಲೇಕ್ 1858ರಲ್ಲಿ ಪೇಟೆಂಟ್ ಪಡೆದಿದ್ದ. 1884ರಲ್ಲಿ ಅಗಸ್ಟಸ್ ಶುಲ್ಟ್ಸ್ ಪೇಟೆಂಟ್ ಮಾಡಿಸಿದ ಕ್ರೋಮ್ ಹದದಿಂದ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ದಿನಗಳಿಗೆ ಇಳಿಯಿತು. ಹೊಸ ಜೋಡು ಅಗ್ಗವಾದ ಮೇಲೆ ಹಳೆಯದನ್ನು ಬಿಚ್ಚಿ ಹೊಲಿಯುವ ಶ್ರಮಕ್ಕೆ ಕೂಲಿ ಗಿಟ್ಟದಾಯಿತು.

ಪೇಟೆಯಲ್ಲಿ ಗುರುತು ಅಳಿಸುವ ಕೆಲಸ ನಡೆದಿದ್ದ ಕಾಲದಲ್ಲೇ ಇಂಗ್ಲೆಂಡಿನ ಮನೆಗಳಲ್ಲಿ ಅದಕ್ಕೆ ನೇರ ವಿರುದ್ಧವಾದ ಒಂದು ರೂಢಿ ಗುಟ್ಟಾಗಿ ನಡೆದಿತ್ತು. ಹಳೆಯ ಮನೆಗಳನ್ನು ದುರಸ್ತಿ ಮಾಡುವಾಗ ಹೊಗೆಗೂಡಿನ ಒಳಗಟ್ಟೆಯ ಮೇಲೆ, ಗೋಡೆಯ ಪೊಳ್ಳಿನಲ್ಲಿ, ಮರದ ನೆಲಹಾಸಿನ ಕೆಳಗೆ, ಮಾಡಿನ ಸಂದಿಯಲ್ಲಿ ಒಂಟಿ ಜೋಡುಗಳು ಸಿಗುತ್ತವೆ. ನಾರ್ತಾಂಪ್ಟನ್ ಇಂಗ್ಲೆಂಡಿನ ಬೂಟು ಕಸುಬಿನ ಹಳೆಯ ಕೇಂದ್ರ. ಅಲ್ಲಿನ ವಸ್ತುಸಂಗ್ರಹಾಲಯದ ಪಾದರಕ್ಷೆ ತಜ್ಞೆ ಜೂನ್ ಸ್ವಾನ್ 1950ರ ದಶಕದಲ್ಲಿ ಇಂಥವನ್ನು ಪಟ್ಟಿ ಮಾಡಲು ಆರಂಭಿಸಿದರು, 1969ರಲ್ಲಿ ಇದರ ಮೇಲೆ ಲೇಖನ ಪ್ರಕಟಿಸಿದರು. ಇಂದು ಆ ಪಟ್ಟಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ದಾಖಲೆಗಳಿವೆ. ಹೆಚ್ಚಿನವು 18 ಮತ್ತು 19ನೇ ಶತಮಾನದವು. ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳವು. ಹೊಸ ಜೋಡು ಸಿಗುವುದು ತೀರಾ ಅಪರೂಪ. ಉಳಿದವೆಲ್ಲ ಸವೆದು, ತೇಪೆ ಹಾಕಿ, ಇನ್ನು ತೊಡಲಾಗದು ಎನ್ನುವ ಸ್ಥಿತಿಗೆ ಬಂದವು.

ಇಷ್ಟು ವ್ಯಾಪಕವಾದ ರೂಢಿಯ ಬಗ್ಗೆ ಅದನ್ನು ನಡೆಸಿದವರು ಏನನ್ನೂ ಬರೆದಿಡಲಿಲ್ಲ. ಗುಟ್ಟು ಹೊರಬಿದ್ದರೆ ಫಲ ಹೋಗುತ್ತದೆ ಎಂಬ ನಂಬಿಕೆ ಇದ್ದಿರಬಹುದು. ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ವಿವರಣೆ ಇದು: ತೊಟ್ಟವರ ಆಕಾರವನ್ನು ಹಾಗೇ ಉಳಿಸಿಕೊಳ್ಳುವ ಉಡುಪು ಜೋಡು ಒಂದೇ, ಆಕಾರದ ಜೊತೆ ಅವರ ಜೀವದ ಒಂದಂಶವೂ ಅದರಲ್ಲಿರುತ್ತದೆ ಎಂದು ಜನ ನಂಬಿದ್ದರು, ಹೊಗೆಗೂಡು, ಬಾಗಿಲುಗಳ ಮೂಲಕ ನುಗ್ಗುವ ಕೆಟ್ಟ ಶಕ್ತಿಯನ್ನು ಅದು ಹಿಡಿದು ನಿಲ್ಲಿಸಬೇಕು. ಬಕಿಂಗ್‌ಹ್ಯಾಮ್‌ಶೈರಿನ ನಾರ್ತ್ ಮಾರ್ಸ್‌ಟನ್ ಹಳ್ಳಿಯಲ್ಲಿ 14ನೇ ಶತಮಾನದ ಆರಂಭದವರೆಗೆ ಬದುಕಿದ್ದ ಜಾನ್ ಶಾರ್ನ್ ಎಂಬ ಪಾದ್ರಿ ದೆವ್ವವನ್ನು ಬೂಟಿನೊಳಗೆ ಕೂಡಿಹಾಕಿದ ಎಂಬ ಐತಿಹ್ಯವನ್ನು ಇದಕ್ಕೆ ಜೋಡಿಸುವುದುಂಟು. ದೆವ್ವದ ಮಾತು ಹಾಗಿರಲಿ, ಮಕ್ಕಳ ಜೋಡುಗಳ ಸಂಖ್ಯೆಯೇ ಬೇರೊಂದು ವಿಷಯವನ್ನು ಮುಂದಿಡುತ್ತದೆ. ಎಳೆಯ ಮಕ್ಕಳು ಸಾಯುವುದು ಸಾಮಾನ್ಯವಾಗಿದ್ದ ಕಾಲ ಅದು. ಒಂದೊಂದು ಜೋಡಿನ ಹಿಂದೆ ಇದ್ದದ್ದು ಕಾಪಿಡುವ ಆಸೆಯೋ ಕಳೆದುಕೊಂಡ ದುಃಖವೋ ಹೇಳುವುದು ಕಷ್ಟ. ಎರಡೂ ಸೇರಿರುವ ಸಾಧ್ಯತೆಯೇ ಹೆಚ್ಚು.

ಅಮೆರಿಕದಲ್ಲಿ ಇದೇ ಭಾವನೆ ಬೇರೆ ದಾರಿ ಹಿಡಿಯಿತು. ಮಗು ಮೊದಲ ಹೆಜ್ಜೆ ಇಟ್ಟ ಜೋಡಿಗೆ ವಿದ್ಯುತ್ ಲೇಪನದಿಂದ ಲೋಹದ ಪದರ ಕೊಟ್ಟು ಮೇಜಿನ ಮೇಲೆ ಇಡುವ ರೂಢಿ 20ನೇ ಶತಮಾನದಲ್ಲಿ ಮನೆಮನೆಗೂ ಹಬ್ಬಿತು. ಒಹಾಯೋದ ಕೊಲಂಬಸ್ಸಿನಲ್ಲಿ ವಯಲೆಟ್ ಶಿನ್‌ಬಾಕ್ ಎಂಬಾಕೆ 1934ರಲ್ಲಿ ಆರಂಭಿಸಿದ ಬ್ರಾನ್‌ಶೂ ಕಂಪನಿ ಇದನ್ನೇ ವ್ಯಾಪಾರ ಮಾಡಿಕೊಂಡಿತು.

ಎರಡನೇ ಮಹಾಯುದ್ಧದಲ್ಲಿ ಹಳೆಯ ಚರ್ಮದ ಮರುಬಳಕೆ ಅತ್ಯಂತ ಭೀಕರ ರೂಪ ತಾಳಿತು. ನಾಜಿಗಳ ಕೊಲೆ ಶಿಬಿರಗಳಲ್ಲಿ ಸತ್ತವರ ಜೋಡುಗಳನ್ನು ಕಚ್ಚಾವಸ್ತುವಾಗಿ ಲೆಕ್ಕ ಹಾಕಲಾಗುತ್ತಿತ್ತು. ಪೋಲೆಂಡಿನ ಗ್ದಾನ್ಸ್ಕ್ ಸಮೀಪದ ಷ್ಟುಟ್‌ಹೋಫ್ ಶಿಬಿರದಲ್ಲಿ ಇದಕ್ಕೆಂದೇ ಕಾರ್ಯಾಗಾರವಿತ್ತು. ಬೇರೆ ಶಿಬಿರಗಳಿಂದಲೂ ಬಂದ ಜೋಡುಗಳನ್ನು ಕೈದಿಗಳು ಅಲ್ಲಿ ಬಿಚ್ಚಿ, ಕೆಲಸಕ್ಕೆ ಬರುವ ಚರ್ಮವನ್ನು ಬೇರೆ ಮಾಡಬೇಕಿತ್ತು. ಆ ಚರ್ಮ ಮತ್ತೊಬ್ಬರ ಬಳಕೆಯ ವಸ್ತುವಾಗುತ್ತಿತ್ತು. ಉಳಿದ ಅಟ್ಟೆಗಳು ಶಿಬಿರದ ಸುತ್ತಲಿನ ಕಾಡಿನ ಮಣ್ಣಿನಲ್ಲಿ ಈ ಶತಮಾನದಲ್ಲೂ ಸಿಕ್ಕಿವೆ. ಸೆವೆನ್ ಡಯಲ್ಸ್‌ನ ನೆಲಮಾಳಿಗೆಯಲ್ಲಿ ನಡೆದದ್ದೂ ಇಲ್ಲಿ ನಡೆದದ್ದೂ ಕೈಕೆಲಸವಾಗಿ ನೋಡಿದರೆ ಒಂದೇ: ಬಿಚ್ಚುವುದು, ವಿಂಗಡಿಸುವುದು, ಹಿಂದಿನವರ ಗುರುತು ತೆಗೆಯುವುದು. ಅಲ್ಲಿ ಮುಚ್ಚಿದ್ದು ಬಡತನವನ್ನು, ಇಲ್ಲಿ ಕೊಲೆಯನ್ನು.

ಯುದ್ಧಾನಂತರ ಈ ಕಾರಣಕ್ಕೇ ಹಳೆಯ ಚರ್ಮವನ್ನು ನೋಡುವ ಬಗೆ ಬದಲಾಯಿತು. ಇಂಥದ್ದೇ ಶಿಬಿರವಾಗಿದ್ದ ಆಶ್ವಿತ್ಸ್‌ನ ವಸ್ತುಸಂಗ್ರಹಾಲಯದಲ್ಲಿ ಸುಮಾರು 1,10,000 ಜೋಡುಗಳಿವೆ. ಅವುಗಳಲ್ಲಿ 8,000ದಷ್ಟು ಮಕ್ಕಳವು. 2023ರಲ್ಲಿ ಈ ಮಕ್ಕಳ ಜೋಡುಗಳ ಸಂರಕ್ಷಣೆಯ ದೊಡ್ಡ ಕೆಲಸ ಆರಂಭವಾಯಿತು. ಅಲ್ಲಿನ ಸಂರಕ್ಷಕರು ಧೂಳು ತೆಗೆಯುತ್ತಾರೆ, ಪ್ರತಿಯೊಂದನ್ನೂ ದಾಖಲಿಸುತ್ತಾರೆ, ಇನ್ನಷ್ಟು ಹಾಳಾಗದಂತೆ ತಡೆಯುತ್ತಾರೆ. ಹರಿದದ್ದನ್ನು ಹೊಲಿದು ಹೊಸದಾಗಿ ಕಾಣಿಸುವುದು ಅವರ ಕೆಲಸವಲ್ಲ. ಅದಕ್ಕೂ ಮೊದಲು, 2020ರಲ್ಲಿ, ಜೋಡುಗಳನ್ನು ಹೀಗೆ ನೋಡುವಾಗ ಒಂದು ಪುಟ್ಟ ಜೋಡಿನೊಳಗೆ ಕೈಬರಹ ಕಂಡಿತು: ಮಗುವಿನ ಹೆಸರು, ಸಾಗಣೆಯ ಗುರುತು, ನೋಂದಣಿ ಸಂಖ್ಯೆ. ಅದೇ ಯುದ್ಧದ ಕಾಲದಲ್ಲಿ ಬುಡಾಪೆಸ್ಟ್‌ನಲ್ಲಿ ಡ್ಯಾನ್ಯೂಬ್ ದಂಡೆಯ ಮೇಲೆ ನಿಲ್ಲಿಸಿ ಗುಂಡಿಕ್ಕುವ ಮುನ್ನ ಜನರಿಂದ ಜೋಡು ಬಿಚ್ಚಿಸಿಕೊಳ್ಳುತ್ತಿದ್ದರು, ಏಕೆಂದರೆ ಜೋಡಿಗೆ ಬೆಲೆಯಿತ್ತು. 2005ರಲ್ಲಿ ಚಾನ್ ತೊಗಾಯ್ ಮತ್ತು ಗ್ಯುಲಾ ಪವರ್ ಅಲ್ಲಿ 60 ಜೊತೆ ಕಬ್ಬಿಣದ ಜೋಡುಗಳನ್ನು ಸ್ಮಾರಕವಾಗಿ ಇರಿಸಿದರು.

ಕೊಲಂಬಿಯದ ಕಲಾವಿದೆ ಡೊರಿಸ್ ಸಾಲ್ಸೆಡೊ 1990ರ ದಶಕದ 'ಅಟ್ರಾಬಿಲಿಯಾರಿಯೋಸ್' ಕೃತಿಯಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ದೇಶದ ಹಿಂಸಾಚಾರದಲ್ಲಿ ಕಾಣೆಯಾದವರ, ಹೆಚ್ಚಾಗಿ ಹೆಂಗಸರ, ಬಳಸಿದ ಜೋಡುಗಳನ್ನು ಗೋಡೆಯಲ್ಲಿ ಕೊರೆದ ಗೂಡುಗಳಲ್ಲಿಟ್ಟು, ಗೂಡಿನ ಬಾಯಿಗೆ ಹಸುವಿನ ಮೂತ್ರಕೋಶದ ಅರೆಪಾರದರ್ಶಕ ಪೊರೆಯನ್ನು ಎಳೆದು, ಶಸ್ತ್ರಚಿಕಿತ್ಸೆಯ ಕಪ್ಪು ದಾರದಿಂದ ಹೊಲಿದಿದ್ದಾರೆ. ಜೋಡು ಮಸುಕಾಗಿ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಗೋಡೆಯಲ್ಲಿ ಅಡಗಿಸಿಟ್ಟ ಇಂಗ್ಲೆಂಡಿನ ಜೋಡುಗಳಿಗೂ ಇದಕ್ಕೂ ಕಲಾವಿದೆ ಉದ್ದೇಶಿಸದ ಒಂದು ನಂಟು ಕಾಣುತ್ತದೆ. ನೆನಪು ಮತ್ತು ನಷ್ಟವನ್ನು ವಿಷಯ ಮಾಡಿಕೊಂಡ ಇಂದಿನ ಚರ್ಮದ ವಿನ್ಯಾಸದ ಮೇಲೆ ವಸ್ತುಸಂಗ್ರಹಾಲಯಗಳ ಮತ್ತು ಇಂಥ ಕಲಾಕೃತಿಗಳ ನೆರಳು ಢಾಳಾಗಿದೆ. ಗುರುತನ್ನು ಅಳಿಸುವುದು ಕಸುಬಾಗಿದ್ದ ಕಡೆ ಈಗ ಗುರುತನ್ನು ಉಳಿಸುವುದೇ ಕಸುಬಾಗಿದೆ.

ಹಾಗೆ ಉಳಿಸಿದ ಚರ್ಮಗಳಲ್ಲಿ ಅತ್ಯಂತ ವಿಶೇಷವಾದದ್ದು ಒಂದು ಮುಳುಗಿದ ಹಡಗಿನದು. 'ಮೆಟ್ಟಾ ಕ್ಯಾಥರೀನಾ' ಫ್ಲೆನ್ಸ್‌ಬರ್ಗ್ ಬಂದರಿನ ಎರಡು ಕೂವೆಮರದ ಸಣ್ಣ ಹಡಗು. ಸೆಣಬು ಮತ್ತು ಚರ್ಮ ಹೇರಿಕೊಂಡು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಿಂದ ಇಟಲಿಯ ಜಿನೋವಾಕ್ಕೆ ಹೊರಟಿತ್ತು. ಬಿರುಗಾಳಿಗೆ ಹೆದರಿ ಇಂಗ್ಲೆಂಡಿನ ಪ್ಲಿಮತ್ ಕೊಲ್ಲಿಯಲ್ಲಿ ಲಂಗರು ಹಾಕಿತು. 1786ರ ಡಿಸೆಂಬರ್ 10ರ ರಾತ್ರಿ ಲಂಗರು ಜಾರಿ, ಡ್ರೇಕ್ ದ್ವೀಪದ ಬಂಡೆಗೆ ಬಡಿದು ಮುಳುಗಿತು. ಹಡಗಿನಲ್ಲಿದ್ದವರೆಲ್ಲ ಬದುಕಿಕೊಂಡರು, ಸರಕು ತಳ ಸೇರಿತು.

ಆ ಸರಕು 'ರಷ್ಯಾ ಲೆದರ್' ಎಂದು ಯುರೋಪಿನಲ್ಲಿ ಹೆಸರಾದ ಯುಫ್ಟ್ ಚರ್ಮ. ಅದನ್ನು ಹದ ಮಾಡಲು ಮುಖ್ಯವಾಗಿ ವಿಲ್ಲೋ ಮರದ ತೊಗಟೆ. ಹದವಾದ ಮೇಲೆ ಬರ್ಚ್ ಮರದ ತೊಗಟೆಯಿಂದ ಇಳಿಸಿದ ಎಣ್ಣೆಯನ್ನು ತೊಗಲಿಗೆ ಕುಡಿಸುತ್ತಿದ್ದರು. ನೀರು ಅದಕ್ಕೆ ಅಷ್ಟಾಗಿ ಹಿಡಿಯುತ್ತಿರಲಿಲ್ಲ, ಹುಳು ಹತ್ತಿರ ಬರುತ್ತಿರಲಿಲ್ಲ, ಹೊಗೆ ಬೆರೆತ ಒಂದು ಪರಿಮಳ ವರ್ಷಗಟ್ಟಲೆ ನಿಲ್ಲುತ್ತಿತ್ತು. ಮೇಲ್ಮೈಯಲ್ಲಿ ಒಂದನ್ನೊಂದು ದಾಟುವ ಗೆರೆಗಳ ವಜ್ರಾಕಾರದ ಅಚ್ಚು. ಪುಸ್ತಕದ ರಟ್ಟು, ಪೆಟ್ಟಿಗೆ, ಬೂಟುಗಳಿಗೆ ಶ್ರೀಮಂತರು ಇದನ್ನೇ ಬಯಸುತ್ತಿದ್ದರು. 1917ರ ಕ್ರಾಂತಿಯ ಹೊತ್ತಿಗೆ ಇದನ್ನು ಮಾಡುತ್ತಿದ್ದ ಹಳೆಯ ವಿಧಾನ ಕೈಬಿಟ್ಟುಹೋಯಿತು, ಅದರ ಕ್ರಮ ಬಲ್ಲವರೂ ಇಲ್ಲವಾದರು.

1973ರಲ್ಲಿ ಪ್ಲಿಮತ್ತಿನ ಹವ್ಯಾಸಿ ಮುಳುಗುಗಾರರಿಗೆ ಕೆಸರಿನಲ್ಲಿ ಒಂದು ಕಂಚಿನ ಗಂಟೆ ಸಿಕ್ಕಿತು. ಅದರ ಮೇಲೆ ಹಡಗಿನ ಹೆಸರಿತ್ತು. ಇಯಾನ್ ಸ್ಕೆಲ್ಟನ್ ಮುಂದಾಳುತನದಲ್ಲಿ ಉತ್ಖನನ ನಡೆದಂತೆ ಕಪ್ಪು ಕೆಸರಿನಡಿಯಿಂದ ಸುರುಳಿ ಸುತ್ತಿ ಕಟ್ಟಿದ ಚರ್ಮದ ಕಟ್ಟುಗಳು ಮೇಲೆ ಬಂದವು. ಬಿಗಿಯಾಗಿ ಸುತ್ತಿದ್ದು, ಕೆಸರಿನಲ್ಲಿ ಆಮ್ಲಜನಕ ಇರದಿದ್ದದ್ದು, ಬರ್ಚ್ ಎಣ್ಣೆ ತುಂಬಿದ್ದದ್ದು, ಈ ಮೂರೂ ಕೂಡಿ ಎರಡು ಶತಮಾನ ಅದನ್ನು ಕಾಪಾಡಿದ್ದವು. ಹೊರಗಿನ ಸುತ್ತುಗಳು ಹಾಳಾಗಿದ್ದರೂ ಒಳಗಿನವು ಬಳಸುವಂತಿದ್ದವು. ಮುಳುಗಿದ ಜಾಗ ಡಚಿ ಆಫ್ ಕಾರ್ನ್‌ವಾಲ್ ಎಂಬ ರಾಜಮನೆತನದ ಆಸ್ತಿಗೆ ಸೇರಿದ್ದು. ಅಂದಿನ ಯುವರಾಜ ಚಾರ್ಲ್ಸ್ ಸರಕಿನ ಮೇಲಿನ ಹಕ್ಕು ಬಿಟ್ಟುಕೊಟ್ಟರು. ಚರ್ಮ ಮಾರಿ ಬಂದ ಹಣದಿಂದ ಉತ್ಖನನ ಮುಂದುವರಿಯಿತು.

ಕಾರ್ನ್‌ವಾಲಿನ ಚರ್ಮ ಕುಶಲಿ ರಾಬಿನ್ ಸ್ನೆಲ್ಸನ್ ಆ ತೊಗಲನ್ನು ಮತ್ತೆ ಬಳಕೆಗೆ ತಂದವರು. ಕೆಸರು, ಉಪ್ಪು ಹೋಗುವವರೆಗೆ ತೊಳೆಯಬೇಕು, ನಿಧಾನವಾಗಿ ಒಣಗಿಸಬೇಕು, ಎಣ್ಣೆ ಕೊಡಬೇಕು. ಒಂದು ಹಂತದಲ್ಲಿ ಅವಸರ ಮಾಡಿದರೂ ಚರ್ಮ ಗಟ್ಟಿಯಾಗಿ ಬಿರಿಯುತ್ತದೆ. ದ್ರಾಕ್ಷಾರಸದ ಕೆಂಪು ಬಣ್ಣ ಅಲ್ಲಲ್ಲಿ ಸಮುದ್ರದ ಕಲೆಯೊಂದಿಗೆ ಮೇಲೆದ್ದಿತು. ಹಿಮಸಾರಂಗದ ಚರ್ಮವೆಂಬ ಹೆಸರಿನಲ್ಲಿ ಇದು ಮಾರುಕಟ್ಟೆಗೆ ಬಂತು. ಪರ್ಸು, ಕೈಚೀಲ, ಗಡಿಯಾರದ ಪಟ್ಟಿಗಳಾಯಿತು. ಜಾರ್ಜ್ ಕ್ಲೆವರ್ಲಿಯಂಥ ಲಂಡನ್ನಿನ ಪ್ರಸಿದ್ಧ ಬೂಟು ತಯಾರಕರು ಇದರಿಂದ ಜೋಡು ಮಾಡಿದರು. ಕಲೆ ಬಿದ್ದ, ಬಣ್ಣ ಮಾಸಿದ ಭಾಗವನ್ನು ಯಾರೂ ಮರೆಮಾಡಲಿಲ್ಲ. ಅದೇ ಅದರ ಪ್ರಮಾಣಪತ್ರ. ಡೆವನ್ನಿನ ಕೋಲಿಟನ್ ಊರಿನಲ್ಲಿ ಓಕ್ ತೊಗಟೆಯ ಹೊಂಡಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಚರ್ಮ ಹದ ಮಾಡುವ ಬೇಕರ್ ಚರ್ಮಾಲಯವು ಮುಂದೆ ಫ್ರೆಂಚ್ ಸಂಶೋಧಕಿ ಎಲೀಸ್ ಬ್ಲುಯೆ ಅವರ ಜೊತೆ ಸೇರಿ ರಷ್ಯಾ ಚರ್ಮವನ್ನು ಮತ್ತೆ ಮಾಡಲು ಪ್ರಯತ್ನಿಸಿ ಯಶಸ್ವಿಯಾಯಿತು. ಮುಳುಗಿದ ಒಂದು ಸರಕಿನಿಂದ ಸತ್ತ ಕಸುಬೊಂದು ಎಚ್ಚರವಾದದ್ದು ಚರ್ಮದ ಚರಿತ್ರೆಯಲ್ಲಿ ಬೇರೆಲ್ಲೂ ಕಾಣದ ಸಂಗತಿ ಎನ್ನಬಹುದು.

ಕಾರ್ಖಾನೆಗಳ ಚೂರುಪಾರುಗಳಿಗೂ ಇದೇ ಕಾಲದಲ್ಲಿ ಬೆಲೆ ಬಂತು. ಹರ್ಮೀಸ್ ಸಂಸ್ಥೆಯ ಪಾಸ್ಕಾಲ್ ಮ್ಯೂಸಾರ್ 2010ರಲ್ಲಿ 'ಪೆತೀ ಆಶ್' ಎಂಬ ವಿಭಾಗ ತೆರೆದು, ಕೈಬಿಟ್ಟ ಚರ್ಮದ ತುಂಡುಗಳಿಂದ ವಸ್ತು ಮಾಡಿಸಿದರು. ಅಗ್ನಿಶಾಮಕ ದಳದ ಹಳೆಯ ನೀರಿನ ಕೊಳವೆಯಿಂದ ಬೆಲ್ಟ್, ಚೀಲ ಮಾಡುತ್ತಿದ್ದ ಇಂಗ್ಲೆಂಡಿನ ಎಲ್ವಿಸ್ ಅಂಡ್ ಕ್ರೆಸ್ ಸಂಸ್ಥೆ 2017ರಲ್ಲಿ ಬರ್ಬರಿ ಪ್ರತಿಷ್ಠಾನದೊಂದಿಗೆ ಐದು ವರ್ಷದಲ್ಲಿ ಕನಿಷ್ಠ 120 ಟನ್ ಚರ್ಮದ ಚೂರು ಬಳಸುವ ಒಪ್ಪಂದಕ್ಕೆ ಬಂತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಯಾರ ಮೈಯನ್ನೂ ಮುಟ್ಟದ ಕಾರ್ಖಾನೆಯ ಚೂರಿನಲ್ಲಿ ಮಿತವ್ಯಯ ಇರಬಹುದೇ ಹೊರತು ನೆನಪು ಇರುವುದಿಲ್ಲ.

ನೆನಪಿನ ಕೆಲಸ ನಡೆಯುವುದು ಒಬ್ಬರು ತೊಟ್ಟದ್ದನ್ನು ಬಿಚ್ಚುವಾಗ. ಸತ್ತವರ ಕೋಟು ಕೈಗೆ ಬಂದಾಗ ಕುಶಲಿ ಮೊದಲು ಹೊಲಿಗೆಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಎಳೆದರೆ ತೂತಿನಿಂದ ತೂತಿಗೆ ಚರ್ಮ ಸೀಳುತ್ತದೆ. ಹರವಿದ ತುಂಡುಗಳಲ್ಲಿ ಗಟ್ಟಿಯಾದ ಜಾಗ ಬೆನ್ನಿನದು, ಸವೆದದ್ದು ಮೊಣಕೈ ಮತ್ತು ಜೇಬಿನ ಅಂಚು. ಗಟ್ಟಿ ಭಾಗದಿಂದಲೇ ಪರ್ಸು ಕತ್ತರಿಸಿದರೆ ಬಾಳಿಕೆ ಚೆನ್ನ, ಕೋಟಿನ ಒಡೆಯನ ಗುರುತು ಮಾತ್ರ ಕಾಣದು. ಸವೆದ ಜೇಬಿನ ಅಂಚನ್ನೇ ಚೀಲದ ಮುಖಕ್ಕೆ ತರಬೇಕೆಂದರೆ ಹಿಂಬದಿಗೆ ಬಟ್ಟೆಯೋ ತೆಳುವಾದ ಹೊಸ ಚರ್ಮವೋ ಅಂಟಿಸಿ ಬಲ ಕೊಡಬೇಕು, ಅಂಚನ್ನು ರಂಪಿಗೆಯಿಂದ ಕೆತ್ತಿ ತೆಳು ಮಾಡಬೇಕು, ಹಳೆಯ ಸೂಜಿಯ ತೂತುಗಳ ಸಾಲನ್ನು ಮತ್ತೆ ಹೊಲಿಯುವುದೋ ಖಾಲಿ ಬಿಡುವುದೋ ನಿರ್ಧರಿಸಬೇಕು. ಒಳ್ಳೆಯ ಕೆಲಸಗಾರರು ಅದನ್ನು ಬಹಳ ಸಲ ಖಾಲಿ ಬಿಡುತ್ತಾರೆ. ಆ ತೂತುಗಳ ಸಾಲು ಅಲ್ಲಿ ಹಿಂದೆ ಕೋಟಿತ್ತು ಎಂಬುದನ್ನು ತೋರಿಸುತ್ತದೆ.

ಭಾರತದಲ್ಲಿ ಚರ್ಮದ ನೆನಪಿಗೆ ಇನ್ನೊಂದು ಮುಖವಿದೆ, ಅದನ್ನು ಬಿಟ್ಟು ಈ ಚರಿತ್ರೆ ಹೇಳಿದರೆ ಅನ್ಯಾಯವಾಗುತ್ತದೆ. ಇಲ್ಲಿ ಹಳೆಯ ತೊಗಲನ್ನು ಮುಟ್ಟುವುದು ಕೆಲವು ಜಾತಿಗಳ ಮೇಲೆ ಹೊರಿಸಿದ ಹೊರೆ. ಕಸುಬಿನ ಕೌಶಲ ಎಷ್ಟಿದ್ದರೂ ಅದರ ಜೊತೆಗೇ ಅಸ್ಪೃಶ್ಯತೆಯ ಅವಮಾನ. ಕನ್ನಡ ನಾಡು ಉಳಿಸಿಕೊಂಡಿರುವ ಚರ್ಮದ ಅತ್ಯಂತ ತೀವ್ರವಾದ ನೆನಪು 12ನೇ ಶತಮಾನದ ಶರಣ ಸಮಗಾರ ಹರಳಯ್ಯನದು. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು ಎಂಬ ಐತಿಹ್ಯದ ಪಕ್ಕದಲ್ಲೇ, ಮಗನ ಅಂತರ್ಜಾತಿ ಮದುವೆಗಾಗಿ ಹರಳಯ್ಯ ಪ್ರಾಣ ತೆರಬೇಕಾದ ಕಥೆಯೂ ಇದೆ. ಹತ್ತಿರದ ಕಾಲದಲ್ಲಿ, 2015ರಲ್ಲಿ ಮಹಾರಾಷ್ಟ್ರ ಗೋಹತ್ಯೆ ನಿಷೇಧವನ್ನು ಎತ್ತು, ಹೋರಿಗಳಿಗೂ ವಿಸ್ತರಿಸಿದಾಗ ಮುಂಬಯಿಯ ಧಾರಾವಿಯಲ್ಲಿ ಅನೇಕ ಚರ್ಮ ಕುಶಲಿಗಳ ಕೆಲಸ ಹೋಯಿತು. ಕಲಾವಿದ ಸುಧೀರ್ ರಾಜಭರ್ ಆ ಕುಶಲಿಗಳೊಂದಿಗೆ ಸೇರಿ, ಬೈಗುಳವಾಗಿ ಬಳಸಲಾಗುವ ಜಾತಿಯ ಹೆಸರನ್ನೇ ಎದೆಯುಬ್ಬಿಸಿ ಇಟ್ಟುಕೊಂಡು 'ಚಮಾರ್ ಸ್ಟುಡಿಯೊ' ಆರಂಭಿಸಿದರು. ಅಲ್ಲಿನ ಚೀಲಗಳು ಮರುಬಳಕೆಯ ರಬ್ಬರಿನವು. ಹೊಲಿಗೆ, ಕತ್ತರಿಕೆ, ಮಡಿಕೆ ಮಾತ್ರ ಚರ್ಮದ ಕಸುಬಿನದೇ. ವಸ್ತು ಕಳೆದುಹೋದರೂ ಕೈಗೆ ಬಂದ ವಿದ್ಯೆ ಉಳಿದಿದೆ.

ಚರ್ಮಕ್ಕೂ ಆಯುಸ್ಸಿದೆ ಎಂಬುದು ಈ ಕೆಲಸದ ಕೊನೆಯ ಮಿತಿ. 19ನೇ ಶತಮಾನದ ಉತ್ತರಾರ್ಧದ ತೊಗಟೆ ಹದದ ಚರ್ಮಗಳು ಬಹಳ ಸಲ ಕೆಂಪು ಪುಡಿಯಾಗಿ ಉದುರುತ್ತವೆ. ಸಂರಕ್ಷಕರು ಇದನ್ನು 'ರೆಡ್ ರಾಟ್' ಎನ್ನುತ್ತಾರೆ. ಕಲ್ಲಿದ್ದಲು, ಅನಿಲ ದೀಪಗಳಿಂದ ಗಾಳಿಗೆ ಸೇರಿದ ಗಂಧಕದ ಆಮ್ಲ ಎಳೆಗಳನ್ನು ಕಡಿಯುವುದರಿಂದ ಬರುವ ರೋಗ ಇದು. ಪುಸ್ತಕದ ರಟ್ಟುಗಳು ಹೀಗೆ ಹಾಳಾಗುವುದನ್ನು ಕಂಡು ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಒಂದು ಸಮಿತಿ ನೇಮಿಸಿತ್ತು. ಅದರ ವರದಿ 1901ರಲ್ಲಿ ಬಂತು. ಈ ರೋಗ ಹತ್ತಿದ ಚರ್ಮವನ್ನು ಹಿಂದಿನ ಸ್ಥಿತಿಗೆ ತರುವ ಮದ್ದಿಲ್ಲ. ಅಂಟು ದ್ರಾವಣ ಸವರಿ ಪುಡಿ ಉದುರುವುದನ್ನು ತಡೆಯಬಹುದು, ಸೂಜಿ ತಾಗಿಸುವಂತಿಲ್ಲ. ಅಂಥ ತುಂಡು ಬಂದಾಗ ವಿನ್ಯಾಸಕಾರರಿಗೆ ಉಳಿದಿರುವುದು ಎರಡೇ ದಾರಿ: ಹೊಸ ಚರ್ಮದ ಚೌಕಟ್ಟಿನೊಳಗೆ ಗಾಜಿನಡಿ ಕೂರಿಸುವುದು, ಇಲ್ಲವೇ ಅದರ ಅಳತೆ, ಸುಕ್ಕು, ಹೊಲಿಗೆಯ ತೂತುಗಳನ್ನು ಹೊಸ ತೊಗಲಿನ ಮೇಲೆ ಎತ್ತಿಕೊಂಡು ಮೂಲವನ್ನು ಮನೆಯವರಿಗೆ ಹಾಗೇ ಹಿಂದಿರುಗಿಸುವುದು.